ಸಿಂಗಸಂದ್ರದ ಬಿಸಿಲಿಗೆ ಒಗ್ಗುವ ಹೂಗಳು

ಬೀಜ ಮೊಳೆತು, ಹೂಬಿಟ್ಟು, ಮತ್ತೆ ಬೀಜ ಕಟ್ಟಿ ಒಣಗುವವರೆಗಿನ ಬಾಳನ್ನೆಲ್ಲ ಒಂದೇ ಹಂಗಾಮಿನಲ್ಲಿ ಮುಗಿಸುವ ಗಿಡಗಳು ಏಕವಾರ್ಷಿಕಗಳು. ನರ್ಸರಿಗಳಲ್ಲಿ ಇವನ್ನು ಸೀಸನಲ್ ಗಿಡ ಎನ್ನುತ್ತಾರೆ. ದಾಸವಾಳ, ಮಲ್ಲಿಗೆಗಳಂತೆ ವರ್ಷಗಟ್ಟಲೆ ಬಾಳುವ ಗಿಡಗಳಲ್ಲ ಇವು. ಮೂರು ತಿಂಗಳು, ಹೆಚ್ಚೆಂದರೆ ಆರು ತಿಂಗಳಲ್ಲಿ ಇವುಗಳ ಕಥೆ ಮುಗಿಯುತ್ತದೆ. ಆದರೆ ಬೀಜ ಬಿತ್ತಿದ ಎರಡು ತಿಂಗಳಿಗೇ ಮೈತುಂಬ ಹೂ ಹೊರುವ ಶಕ್ತಿ ಇವುಗಳದು. ಇವುಗಳಲ್ಲಿ ಎರಡು ಬಗೆ. ಪೆಟೂನಿಯಾ, ಪ್ಯಾನ್ಸಿ, ಡಯಾಂತಸ್, ಸ್ನ್ಯಾಪ್‌ಡ್ರ್ಯಾಗನ್‌ಗಳು ಚಳಿಯ ಹೂಗಳು. ಚೆಂಡುಹೂ, ಜಿನ್ನಿಯಾ, ಟೇಬಲ್ ರೋಸ್, ಕೋಳಿಜುಟ್ಟು, ನಿತ್ಯಪುಷ್ಪಗಳು ಬಿಸಿಲಿನ ಹೂಗಳು. ಬೇಸಿಗೆಯಲ್ಲಿ ಕೈತೋಟ ಒಣಗಿ ಬೇಸರಪಡುವವರಲ್ಲಿ ಹೆಚ್ಚಿನವರು ಮೊದಲ ಬಗೆಯದನ್ನು ಎರಡನೆಯದರ ಕಾಲದಲ್ಲಿ ಕೊಂಡುತಂದವರು.

ಬೆಂಗಳೂರಿನಲ್ಲಿ ಹೀಗಾಗುವುದಕ್ಕೆ ಚರಿತ್ರೆಯ ಕಾರಣವೂ ಇದೆ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಈ ಊರಿನ ಹೂವಿನ ಅಭಿರುಚಿಯನ್ನು ರೂಪಿಸಿದ ಜಾಗ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರಿನ ತಂಪು ಹವೆ ಯುರೋಪಿನ ತೋಟಗಳ ಹೂಗಳಿಗೆ ಹೇಳಿ ಮಾಡಿಸಿದಂತಿತ್ತು. ದಂಡು ಪ್ರದೇಶದ ಬಂಗಲೆಗಳ ಅಂಗಳದಲ್ಲೂ, ಲಾಲ್‌ಬಾಗ್‌ನ ಗಾಜಿನಮನೆಯ ಫಲಪುಷ್ಪ ಪ್ರದರ್ಶನದಲ್ಲೂ ಅವೇ ಮೆರೆದವು. ಇಂದಿಗೂ ಗಣರಾಜ್ಯೋತ್ಸವದ ಪ್ರದರ್ಶನ ನೋಡಿ ಮರಳುವವರು ಪೆಟೂನಿಯಾ ಕುಂಡವೊಂದನ್ನು ಕೈಯಲ್ಲಿ ಹಿಡಿದಿರುತ್ತಾರೆ. ಆ ಗಿಡ ಅಕ್ಟೋಬರ್‌ನಲ್ಲಿ ಮನೆಗೆ ಬಂದಿದ್ದರೆ ನಾಲ್ಕು ತಿಂಗಳು ಹೂ ಕೊಡುತ್ತಿತ್ತು. ಜನವರಿ ಕೊನೆಯಲ್ಲಿ ಬಂದದ್ದು ಶಿವರಾತ್ರಿ ಕಳೆದು ಬಿಸಿಲೇರುತ್ತಲೇ ಕಾಂಡ ನೀಳವಾಗಿ, ಹೂ ಚಿಕ್ಕದಾಗಿ, ಬುಡದಿಂದ ಒಣಗತೊಡಗುತ್ತದೆ. ಫೆಬ್ರವರಿಯಲ್ಲಿ ಚಳಿಯ ಹೂ ಕೊಳ್ಳುವುದು ದುಡ್ಡು ದಂಡ.

ಹೊಸೂರು ರಸ್ತೆಯ ಅಂಚಿನ ಸಿಂಗಸಂದ್ರದಂಥ ಊರಿನಲ್ಲಿ ಈ ತೊಡಕು ಇನ್ನಷ್ಟು ಹೆಚ್ಚು. ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಗೂರು ಹೋಬಳಿಯ ಈ ಹಳ್ಳಿ ಕೆರೆಯ ಸುತ್ತ ರಾಗಿ ಹೊಲಗಳಿದ್ದ ಊರು. ಎಲೆಕ್ಟ್ರಾನಿಕ್ ಸಿಟಿ ಬೆಳೆದಂತೆ ಹೊಲಗಳು ಬಡಾವಣೆಗಳಾದವು, ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟ್‌ಗಳೂ ಪಿಜಿಗಳೂ ಎದ್ದವು. ಇದೀಗ ಹಳದಿ ಮಾರ್ಗದ ಮೆಟ್ರೊ ನಿಲ್ದಾಣವೂ ಬಂದಿದೆ. ಇಲ್ಲಿ ಮಣ್ಣಿನ ಅಂಗಳ ಉಳಿದಿರುವುದು ಹಳೆಯ ಮನೆಗಳಲ್ಲಿ ಮಾತ್ರ. ಉಳಿದವರ ಕೈತೋಟವೆಂದರೆ ತಾರಸಿ, ಬಾಲ್ಕನಿ, ಕಾಂಪೌಂಡಿನ ಪಕ್ಕದ ಒಂದಡಿ ಅಗಲದ ಪಾತಿ. ಕಾಂಕ್ರೀಟು, ಡಾಂಬರು, ಕಾರ್ಖಾನೆಗಳ ತಗಡಿನ ಚಾವಣಿ ಇವೆಲ್ಲ ಹಗಲು ಕುಡಿದ ಬಿಸಿಯನ್ನು ರಾತ್ರಿ ಹೊರಗೆ ಬಿಡುತ್ತವೆ. ಬೆಂಗಳೂರಿನ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ 34 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. 2016ರ ಏಪ್ರಿಲ್‌ನಲ್ಲಿ ಒಂದು ದಿನದ ಗರಿಷ್ಠ ಉಷ್ಣಾಂಶ 39.2 ಡಿಗ್ರಿಗೆ ಏರಿ ದಾಖಲೆಯಾಯಿತು. ರಾಯಚೂರು, ಕಲಬುರಗಿಗಳ ಬೇಸಿಗೆಯನ್ನು ಕಂಡವರಿಗೆ ಇದು ದೊಡ್ಡದೆನಿಸದು. ಆದರೆ ಈ ಅಂಕಿ ನೆರಳಿನಲ್ಲಿಟ್ಟ ಉಷ್ಣಮಾಪಕ ಹೇಳುವ ಗಾಳಿಯ ಬಿಸಿ. ಅದೇ ಹೊತ್ತಿಗೆ ತಾರಸಿಯ ನೆಲ ಬರಿಗಾಲಿಡಲಾಗದಷ್ಟು ಕಾದಿರುತ್ತದೆ. ಹೂಗಿಡದ ಬೇರು ಇರುವುದು ಆ ನೆಲಕ್ಕೆ ತಾಗಿದ ಕುಂಡದಲ್ಲಿ.

ಬಿಸಿಲು ಗಿಡವನ್ನು ಹೇಗೆ ಕಾಡುತ್ತದೆ ಎಂಬುದು ತಿಳಿದರೆ ಆಯ್ಕೆಯೂ ಆರೈಕೆಯೂ ಸಲೀಸು. ಎಲೆಯ ಅಡಿಭಾಗದ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುವುದೇ ಗಿಡ ತನ್ನನ್ನು ತಂಪಾಗಿಟ್ಟುಕೊಳ್ಳುವ ದಾರಿ. ಬೇರು ಒದಗಿಸುವುದಕ್ಕಿಂತ ಹೆಚ್ಚು ನೀರು ಹೊರಹೋಗತೊಡಗಿದಾಗ ರಂಧ್ರಗಳು ಮುಚ್ಚುತ್ತವೆ. ಆಗ ನೀರು ಉಳಿದರೂ ಇಂಗಾಲದ ಡೈಆಕ್ಸೈಡ್ ಒಳಬರುವುದು ನಿಂತು ಆಹಾರ ತಯಾರಿಕೆ ಕುಂಠಿತವಾಗುತ್ತದೆ, ಎಲೆಯ ಬಿಸಿ ಏರುತ್ತದೆ. ರಾತ್ರಿಯೂ ಸೆಕೆಯಿದ್ದರೆ ಹಗಲು ಕೂಡಿಟ್ಟ ಸಕ್ಕರೆ ಉಸಿರಾಟದಲ್ಲೇ ಖರ್ಚಾಗುತ್ತದೆ. ಮೊಗ್ಗು ಉದುರುವುದು, ಹೂ ಕಿರಿದಾಗುವುದು, ಪರಾಗ ನಿರ್ಜೀವವಾಗಿ ಬೀಜ ಕಟ್ಟದಿರುವುದು ಎಲ್ಲ ಇದರ ಪರಿಣಾಮ. ಬೆಂಗಳೂರಿನ ಭಾಗ್ಯವೆಂದರೆ ಕಡುಬೇಸಿಗೆಯಲ್ಲೂ ರಾತ್ರಿ ಉಷ್ಣಾಂಶ ಸಾಮಾನ್ಯವಾಗಿ 22–23 ಡಿಗ್ರಿಗೆ ಇಳಿಯುವುದು. ಗಿಡ ಚೇತರಿಸಿಕೊಳ್ಳುವುದು ಆ ಹೊತ್ತಿನಲ್ಲಿ.

ಕೆಲವು ಸಸ್ಯಗಳು ಈ ಕಷ್ಟಕ್ಕೆ ಹುಟ್ಟಿನಿಂದಲೇ ಉಪಾಯ ಪಡೆದಿವೆ. ಸಿ4 ಎಂಬ ಬಗೆಯ ದ್ಯುತಿಸಂಶ್ಲೇಷಣೆ ನಡೆಸುವ ಗಿಡಗಳು ಇಂಗಾಲದ ಡೈಆಕ್ಸೈಡನ್ನು ಎಲೆಯೊಳಗೆ ಮೊದಲು ಸಾಂದ್ರಗೊಳಿಸಿಕೊಂಡು ಆಮೇಲೆ ಬಳಸುತ್ತವೆ. ಹೀಗಾಗಿ ರಂಧ್ರಗಳನ್ನು ಅರೆಬರೆ ತೆರೆದೂ ಅವು ಚೆನ್ನಾಗಿ ಬೆಳೆಯಬಲ್ಲವು. ರಾಗಿ ಅಂಥ ಗಿಡ. ಹೂಗಳಲ್ಲಿ ಟೇಬಲ್ ರೋಸ್ ಮತ್ತು ಗೋಂಫ್ರೀನಾ ಆ ಗುಂಪಿನವು. ಟೇಬಲ್ ರೋಸ್ ಇನ್ನೂ ಒಂದು ಹೆಜ್ಜೆ ಮುಂದೆ: ನೀರು ತೀರಾ ಕಡಿಮೆಯಾದಾಗ ಕಳ್ಳಿಗಳ ಹಾಗೆ ರಾತ್ರಿಯಲ್ಲೂ ಇಂಗಾಲವನ್ನು ಹಿಡಿದಿಟ್ಟುಕೊಳ್ಳಬಲ್ಲದು.

ಈ ಹೂಗಳ ಬಂಧುಬಳಗ ಸಿಂಗಸಂದ್ರದ ಹಳಬರಿಗೆ ಹೊಸದಲ್ಲ. ರಾಗಿ ಹೊಲದ ಬದುಗಳಲ್ಲಿ ಬೆರಕೆ ಸೊಪ್ಪಿಗೆಂದು ಕೊಯ್ಯುತ್ತಿದ್ದ ಅಣ್ಣೆ ಸೊಪ್ಪು ಕೋಳಿಜುಟ್ಟಿನ ಹೂವಿನ ಹತ್ತಿರದ ಕುಲ. ಗೋಣಿ ಸೊಪ್ಪು ಟೇಬಲ್ ರೋಸ್‌ನ ದಾಯಾದಿ. ದಂಟಿನ ಸೊಪ್ಪೂ ಗೋಂಫ್ರೀನಾವೂ ಒಂದೇ ಕುಟುಂಬಕ್ಕೆ ಸೇರಿದವು. ಹೆಚ್ಚು ಆರೈಕೆಯಿಲ್ಲದೆ ಕೆಮ್ಮಣ್ಣಿನಲ್ಲಿ ಬಿಸಿಲು ಕಾಯ್ದು ಬೆಳೆದ ಈ ಸೊಪ್ಪುಗಳ ಸಂಬಂಧಿಕರು ಅದೇ ಊರಿನ ತಾರಸಿಗಳಲ್ಲಿ ಚೆನ್ನಾಗಿ ಬಾಳುವುದರಲ್ಲಿ ಆಶ್ಚರ್ಯವಿಲ್ಲ. ಬೇಸಿಗೆಯ ಹೂತೋಟವನ್ನು ಇವುಗಳಿಂದಲೇ ಆರಂಭಿಸುವುದು ಒಳ್ಳೆಯದು.

ಟೇಬಲ್ ರೋಸ್‌ಗೆ ಹತ್ತು ಗಂಟೆ ಹೂ ಎಂಬ ಹೆಸರೂ ಇದೆ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ ಇಲ್ಲಿನ ಪೇಂಟ್ ಡಬ್ಬ, ಒಡೆದ ಬಕೆಟ್ಟು, ಕಾಂಪೌಂಡು ಗೋಡೆಯ ತಲೆಯ ಮೇಲೆಲ್ಲ ಸಂಸಾರ ಹೂಡಿದೆ. ನಾಲ್ಕೈದು ಇಂಚು ಆಳದ ತಟ್ಟೆಯೂ ಇದಕ್ಕೆ ಸಾಕು. ಒಂದು ಗೇಣಿಗಿಂತ ಚಿಕ್ಕ ತುಂಡನ್ನು ಮುರಿದು ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಆದ್ದರಿಂದ ಅಕ್ಕಪಕ್ಕದವರಿಂದ ಬಣ್ಣಕ್ಕೊಂದು ಕಡ್ಡಿ ಕೇಳಿ ತರುವುದೇ ಇದರ ನಿಜವಾದ ನರ್ಸರಿ. ನೇರ ಬಿಸಿಲು ಬಿದ್ದಾಗ ಅರಳಿ, ಮಧ್ಯಾಹ್ನ ಕಳೆದ ಮೇಲೆ ಮುಚ್ಚುವ ಹೂ ಇದು. ಮೋಡ ಕವಿದ ದಿನ ಅರಳುವುದೇ ಇಲ್ಲ. ದಿನಕ್ಕೆ ಆರು ಗಂಟೆ ಬಿಸಿಲಿಲ್ಲದ ಕಡೆ ಎಲೆ ಮಾತ್ರ ಹುಲುಸಾಗಿರುತ್ತದೆ. ಇದನ್ನು ಕೊಲ್ಲುವುದು ಅತಿಯಾದ ನೀರು. ಮೇಲ್ಮಣ್ಣು ಪೂರ್ತಿ ಒಣಗುವವರೆಗೆ ಮುಟ್ಟಬಾರದು.

ಗೋಂಫ್ರೀನಾ ಗುಂಡಗಿನ, ಒಣ ಕಾಗದದಂತೆ ಸದ್ದು ಮಾಡುವ ಹೂ. ಹೊಸೂರು ಕಡೆಯ ತಮಿಳರು ವಾಡಾಮಲ್ಲಿ ಎಂದು ಮಾಲೆ ಕಟ್ಟುವುದು ಇದನ್ನೇ. ಕಡುನೇರಳೆ ಬಣ್ಣದ್ದು ಸಾಮಾನ್ಯ. ಬಿಳಿ, ಗುಲಾಬಿ ಬಣ್ಣದವೂ ಸಿಗುತ್ತವೆ. ಗಿಡದಲ್ಲಿ ವಾರಗಟ್ಟಲೆ, ಕೊಯ್ದು ಒಣಗಿಸಿದರೆ ತಿಂಗಳುಗಟ್ಟಲೆ ಬಣ್ಣ ಉಳಿಯುತ್ತದೆ. ಪಶ್ಚಿಮದ ಬಾಲ್ಕನಿಯಲ್ಲಿ ಬೇರೇನೂ ಬದುಕದೆಂದು ಕೈಚೆಲ್ಲಿದವರು ಒಮ್ಮೆ ಇದನ್ನು ಹಾಕಿ ನೋಡಬೇಕು. ಕೋಳಿಜುಟ್ಟಿನ ಹೂವಿನಲ್ಲಿ ಮಡಿಕೆ ಮಡಿಕೆಯಾದ ಜುಟ್ಟಿನ ಬಗೆಯೂ, ದೀಪದ ಜ್ವಾಲೆಯ ಹಾಗೆ ಮೇಲೇಳುವ ಗರಿಯ ಬಗೆಯೂ ಇವೆ. ಬೇಸಿಗೆಗೆ ಗರಿಯ ಬಗೆ ಮೇಲು. ಅಕಾಲ ಮಳೆ ಬಂದಾಗ ಜುಟ್ಟಿನ ಮಡಿಕೆಯಲ್ಲಿ ನೀರು ನಿಂತು ಕೊಳೆಯುವುದುಂಟು. ಕೋಳಿಜುಟ್ಟಿನ ಸಸಿ ಚಿಕ್ಕ ಚೀಲದಲ್ಲಿ ಹೆಚ್ಚು ದಿನ ಇದ್ದರೆ ಬೇರು ಸುತ್ತಿಕೊಂಡು, ಕುಳ್ಳಾಗಿಯೇ ಹೂಬಿಟ್ಟು ಮುಗಿಯುತ್ತದೆ. ಆದ್ದರಿಂದ ಆಗಲೇ ಹೂ ತೋರಿದ ಸಸಿಗಿಂತ ಎಳೆಯ ಸಸಿಯನ್ನೇ ಆರಿಸಿ ತರಬೇಕು.

ಜಿನ್ನಿಯಾ ಮೆಕ್ಸಿಕೊದ ಒಣ ಬಯಲುಗಳ ಗಿಡ. ಹಳದಿ, ಕಿತ್ತಳೆ, ಕೆಂಪು, ಗುಲಾಬಿ, ತಿಳಿಹಸಿರು ಹೀಗೆ ನೀಲಿಯೊಂದನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲ ಬಣ್ಣದಲ್ಲೂ ಇದೆ. 2016ರ ಜನವರಿಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾನಿ ಸ್ಕಾಟ್ ಕೆಲ್ಲಿ ಅರಳಿಸಿದ್ದು ಇದೇ ಹೂವನ್ನು. ಭೂಮಿಯ ಮೇಲೆ ಇದನ್ನು ಬೆಳೆಸುವುದು ಮಕ್ಕಳಿಗೂ ಸಾಧ್ಯ. ಬೀಜ ದೊಡ್ಡದು, ನಾಲ್ಕೈದು ದಿನಕ್ಕೆ ಮೊಳೆಯುತ್ತದೆ. ಬೇರು ಕದಲಿಸುವುದು ಇದಕ್ಕೆ ಹಿಡಿಸದ ಕಾರಣ ಬೇಕಾದ ಕುಂಡದಲ್ಲೇ ನೇರ ಬಿತ್ತುವುದು ಲೇಸು. ಎರಡು ತಿಂಗಳಲ್ಲಿ ಹೂ. ಇದರ ದೊಡ್ಡ ಶತ್ರು ಬೂದಿ ರೋಗ. ಎಲೆಯ ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿ ಕಾಣಿಸಿಕೊಂಡು ಕೆಳಗಿನಿಂದ ಒಣಗುತ್ತ ಬರುತ್ತದೆ. ಗಿಡದಿಂದ ಗಿಡಕ್ಕೆ ಒಂದಡಿ ಅಂತರ, ಎಲೆ ನೆನೆಸದೆ ಬುಡಕ್ಕೆ ನೀರು, ಗಾಳಿಯಾಡುವ ಜಾಗ ಇವಿಷ್ಟು ಇದ್ದರೆ ರೋಗ ಬಂದರೂ ತಡವಾಗಿ ಬರುತ್ತದೆ.

ಕಾಸ್ಮಾಸ್‌ನಲ್ಲಿ ಬಿಳಿ, ಗುಲಾಬಿ ಬಣ್ಣದ ನವಿರಾದ ಬಗೆ ತಂಪಿಗೆ ಸೇರಿದ್ದು. ಕಡುಬಿಸಿಲಿಗೆ ಆಗಿಬರುವುದು ಹಳದಿ, ಕಿತ್ತಳೆ ಬಣ್ಣದ್ದು. ಬಡ ಮಣ್ಣಿನಲ್ಲೇ ಇದು ಚೆನ್ನ. ಗೊಬ್ಬರ ಹೆಚ್ಚು ಹಾಕಿದವರಿಗೆ ಆಳೆತ್ತರದ ಎಲೆಗಿಡ ಸಿಗುತ್ತದೆ, ಹೂ ಸಿಗುವುದಿಲ್ಲ. ಬೀಜ ತಾನೇ ಉದುರಿ ಮುಂದಿನ ಮಳೆಗೆ ಮೊಳೆಯುವುದರಿಂದ, ಕಾಂಪೌಂಡು ಪಕ್ಕದ ಪಾತಿಯಲ್ಲಿ ಒಮ್ಮೆ ಬಿತ್ತಿದರೆ ವರ್ಷವರ್ಷವೂ ತಲೆಯೆತ್ತುತ್ತದೆ. ಗೈಲಾರ್ಡಿಯಾದ ಸ್ವಭಾವವೂ ಹೆಚ್ಚುಕಡಿಮೆ ಇಂಥದೇ.

ನಿತ್ಯಪುಷ್ಪ ಅಥವಾ ಕಾಶಿ ಕಣಗಲೆ ವಾಸ್ತವದಲ್ಲಿ ಬಹುವಾರ್ಷಿಕ. ಹೂ ಚೆನ್ನಾಗಿರಲೆಂದು ವರ್ಷವರ್ಷ ಹೊಸದಾಗಿ ನೆಡುವ ರೂಢಿ. ಮಡಗಾಸ್ಕರ್ ಮೂಲದ ಈ ಗಿಡದಿಂದಲೇ ರಕ್ತದ ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಔಷಧಗಳು ಬಂದವು. ಅದೇ ಕಾರಣಕ್ಕೆ ಇದರ ಎಲೆ ಹೊಟ್ಟೆಗೆ ಹೋದರೆ ವಿಷ. ಚಿಕ್ಕ ಮಕ್ಕಳು, ಸಾಕುಪ್ರಾಣಿಗಳು ಇರುವ ಮನೆಯವರು ಕೈಗೆಟುಕದ ಎತ್ತರದಲ್ಲಿಡಬೇಕು. ಗೋಡೆ ಬಿರುಕಿನಲ್ಲೂ ಬೆಳೆಯುವ ಹಳೆಯ ನಾಟಿ ಗಿಡ ಎಂಥ ಹವೆಯನ್ನೂ ತಾಳುತ್ತದೆ. ನರ್ಸರಿಯಲ್ಲಿ ಸಿಗುವ ದೊಡ್ಡ ಹೂವಿನ ಹೈಬ್ರಿಡ್‌ಗಳು ಬಿಸಿಲಿಗೆ ಜಗ್ಗುವುದಿಲ್ಲ, ಮಳೆಗಾಲದ ತೇವಕ್ಕೆ ಮಾತ್ರ ಒಂದೇ ವಾರದಲ್ಲಿ ಬುಡ ಕಪ್ಪಾಗಿ ಸಾಯುತ್ತವೆ. ಅವನ್ನು ಫೆಬ್ರವರಿಯಿಂದ ಮೇ ತಿಂಗಳವರೆಗಿನ ಹೂವೆಂದೇ ಭಾವಿಸಿ ನೆಡಬೇಕು.

ಗೌರಿ ಹೂ ಎಂದೂ ಕರೆಯುವ ಕರ್ಣಕುಂಡಲ ಭಾರತದ್ದೇ ಹೂವಾದರೂ ಈ ಸಾಲಿಗೆ ಸೇರದು. ಅದರ ರಸಭರಿತ ಕಾಂಡ ಏಪ್ರಿಲ್ ಮಧ್ಯಾಹ್ನಕ್ಕೆ ಬಾಡಿ ನೆಲ ಹಿಡಿಯುತ್ತದೆ. ಜೂನ್ ಮಳೆಗೆ ಬಿತ್ತಿದರೆ ಗೌರಿ ಹಬ್ಬದ ಹೊತ್ತಿಗೆ ತಾನಾಗಿ ಅರಳುತ್ತದೆ.

ಬಿಸಿಲಿನ ಹೂಗಳಲ್ಲೆಲ್ಲ ಕನ್ನಡಿಗರ ಬದುಕಿನಲ್ಲಿ ಹೆಚ್ಚು ಬೆರೆತಿರುವುದು ಚೆಂಡುಹೂ. ಇದೂ ಮೆಕ್ಸಿಕೊದಿಂದ ಬಂದದ್ದೇ, ಆದರೆ ಇಂದು ಇದಿಲ್ಲದೆ ಇಲ್ಲಿ ಬಾಗಿಲ ತೋರಣವಿಲ್ಲ, ಆಯುಧಪೂಜೆಯಿಲ್ಲ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಲೇತು, ಪ್ರೆಸ್ಸು, ಫೋರ್ಕ್‌ಲಿಫ್ಟುಗಳಿಂದ ಹಿಡಿದು ಕಚೇರಿಯ ಕಂಪ್ಯೂಟರಿನವರೆಗೆ ಆ ದಿನ ಚೆಂಡುಹೂವಿನ ಮಾಲೆ ಬೀಳುತ್ತದೆ. ಹಬ್ಬದ ಹಿಂದಿನ ದಿನಗಳಲ್ಲಿ ಹೊಸೂರು ರಸ್ತೆಯ ಬದಿ ಬಾಳೆಕಂದು, ಬೂದುಗುಂಬಳದ ಜೊತೆ ಹಳದಿ, ಕಿತ್ತಳೆ ರಾಶಿಗಳು ಏಳುತ್ತವೆ, ದರವೂ ಏರುತ್ತದೆ. ಬಿತ್ತಿದ 60ರಿಂದ 70 ದಿನಕ್ಕೆ ಚೆಂಡುಹೂ ಅರಳುತ್ತದೆಂಬ ಲೆಕ್ಕ ಗೊತ್ತಿದ್ದವರು ಜುಲೈ ಮೊದಲರ್ಧದಲ್ಲಿ ಬೀಜ ಹಾಕಿ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬರುವ ಹಬ್ಬಕ್ಕೆ ಸ್ವಂತ ಗಾಡಿಯ ಮಾಲೆಯನ್ನು ಸ್ವಂತ ತಾರಸಿಯಿಂದಲೇ ಕಟ್ಟಿಕೊಳ್ಳಬಹುದು. ಹತ್ತು ಹನ್ನೆರಡು ಕುಂಡವಿದ್ದರೆ ಇದು ಆಗುವ ಮಾತು.

ಚೆಂಡುಹೂವಿನಲ್ಲಿ ಎತ್ತರದ, ದೊಡ್ಡ ಚೆಂಡಿನ ಆಫ್ರಿಕನ್ ಬಗೆಯೂ, ಕುಳ್ಳಗಿನ, ಕೆಂಪು ಮಿಶ್ರ ಬಣ್ಣದ ಫ್ರೆಂಚ್ ಬಗೆಯೂ ಇವೆ. ಹೆಸರು ಏನೇ ಇರಲಿ, ತವರು ಎರಡಕ್ಕೂ ಮೆಕ್ಸಿಕೊ ಕಡೆಯೇ. ಕುಂಡಕ್ಕೆ ಕುಳ್ಳ ಬಗೆ, ಪಾತಿಗೆ ಎತ್ತರದ ಬಗೆ ಸರಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕ ಬಂಗಾರ, ಅರ್ಕ ಅಗ್ನಿ ಮೊದಲಾದ ತಳಿಗಳನ್ನು ಹೊರತಂದಿದೆ. ಟೊಮೆಟೊ ಕಾಯಿಕೊರಕ ಹುಳುವನ್ನು ತಡೆಯಲು 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡುಹೂ ನೆಡುವ ವಿಧಾನವನ್ನು ರೂಪಿಸಿದ್ದೂ ಈ ಸಂಸ್ಥೆಯೇ. ಈ ಹುಳುವಿನ ಪತಂಗ ಮೊಟ್ಟೆಯಿಡಲು ಟೊಮೆಟೊಗಿಂತ ಚೆಂಡುಹೂವಿನ ಮೊಗ್ಗನ್ನು ಮೆಚ್ಚುತ್ತದೆ ಎಂಬುದು ಇದರ ಮರ್ಮ. ಬೇರುಗಂಟು ರೋಗ ತರುವ ಜಂತುಹುಳುಗಳನ್ನು ಹತ್ತಿಕ್ಕುವ ರಾಸಾಯನಿಕವೂ ಚೆಂಡುಹೂವಿನ ಬೇರಿನಲ್ಲಿದೆ. ತಾರಸಿಯಲ್ಲಿ ತರಕಾರಿ ಬೆಳೆಯುವವರು ಟೊಮೆಟೊ, ಬದನೆ ಕುಂಡಗಳ ನಡುನಡುವೆ ಇದನ್ನಿಟ್ಟರೆ ಅಂದದ ಜೊತೆಗೆ ಉಪಯೋಗವೂ ಆಗುತ್ತದೆ. ಆದರೆ ಒಂದು ಮಾತು: 35 ಡಿಗ್ರಿ ದಾಟಿದ ದಿನಗಳಲ್ಲಿ ಚೆಂಡು ಕಿರಿದಾಗುತ್ತದೆ, ಎಲೆಯಡಿ ಕೆಂಪು ನುಸಿ ಸೇರಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಹೂವಿಗೆ ಇದನ್ನೊಂದೇ ನಂಬದೆ ಟೇಬಲ್ ರೋಸ್, ಗೋಂಫ್ರೀನಾಗಳನ್ನೂ ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಯಾವ ಹೂ ಎಂಬಷ್ಟೇ ಮುಖ್ಯವಾದ ಪ್ರಶ್ನೆ ಎಲ್ಲಿ ಇಡಬೇಕು ಎಂಬುದು. ಇಲ್ಲಿ ಪುಸ್ತಕಗಳು ಹಲವು ಸಲ ದಾರಿ ತಪ್ಪಿಸುತ್ತವೆ. ದಕ್ಷಿಣಕ್ಕೆ ಮುಖಮಾಡಿದ ಜಾಗ ಬಿಸಿಲಿನದು ಎಂದು ಬರೆದಿರುವುದು ಯುರೋಪು, ಅಮೆರಿಕಗಳ ಮಾತು. ಸಿಂಗಸಂದ್ರ ಇರುವುದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಕಾಲಡಿಗೆ ಸೇರುತ್ತದೆ. ಅಲ್ಲಿಂದ ಆಗಸ್ಟ್ 18ರ ಆಸುಪಾಸಿನವರೆಗೆ ನಡುಹಗಲಿನ ಸೂರ್ಯ ಇರುವುದು ಉತ್ತರದ ಕಡೆಗೆ. ಹೀಗಾಗಿ ದಕ್ಷಿಣದ ಬಾಲ್ಕನಿಗೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಓರೆ ಬಿಸಿಲು ಒಳಗಿನವರೆಗೂ ಬೀಳುತ್ತದೆ, ಬೇಸಿಗೆಯಲ್ಲಿ ಮೇಲಿನ ಮನೆಯ ಸ್ಲ್ಯಾಬಿನ ನೆರಳು ಬೀಳುತ್ತದೆ. ಚಳಿಯ ಪೆಟೂನಿಯಾಕ್ಕೆ ಆ ಜಾಗ ಚೆಂದ, ಏಪ್ರಿಲ್‌ನ ಜಿನ್ನಿಯಾಕ್ಕೆ ಅಲ್ಲ. ಉತ್ತರದ ಬಾಲ್ಕನಿಗೆ ಮೇ, ಜೂನ್, ಜುಲೈಗಳಲ್ಲಿ ಬೆಳಿಗ್ಗೆ ಸಂಜೆ ಓರೆ ಬಿಸಿಲು ತಾಕುತ್ತದೆ, ವರ್ಷದ ಉಳಿದ ಕಾಲ ಬರಿ ಬೆಳಕು. ಪೂರ್ವದ ಬಾಲ್ಕನಿಯ ಎಳೆ ಬಿಸಿಲು ನಿತ್ಯಪುಷ್ಪಕ್ಕೂ ಕುಳ್ಳ ಚೆಂಡುಹೂವಿಗೂ ಸಾಕು. ಪಶ್ಚಿಮದ್ದು ಎಲ್ಲಕ್ಕಿಂತ ಬಿರುಸು. ಕಾದ ಗೋಡೆಯ ಬಿಸಿಯೂ ಸೇರುವ ಆ ಜಾಗಕ್ಕೆ ಟೇಬಲ್ ರೋಸ್, ಗೋಂಫ್ರೀನಾ, ನಿತ್ಯಪುಷ್ಪ ಈ ಮೂರನ್ನೇ ನೆಚ್ಚಬೇಕು. ಎದುರು ಕಟ್ಟಡದ ನೆರಳು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಬಲ್ಲದು. ಗಿಡ ಕೊಳ್ಳುವ ಮೊದಲು ರಜೆಯ ದಿನವೊಂದರಲ್ಲಿ ಗಂಟೆಗೊಮ್ಮೆ ಬಿಸಿಲು ಎಲ್ಲಿ ಬಿದ್ದಿದೆ ಎಂದು ಗುರುತು ಹಾಕಿಕೊಂಡರೆ ಆಮೇಲಿನ ನಷ್ಟ ತಪ್ಪುತ್ತದೆ.

ಕುಂಡದ ಆಯ್ಕೆಯಲ್ಲಿ ಬಣ್ಣ, ಅಳತೆ ಎರಡೂ ಲೆಕ್ಕಕ್ಕೆ ಬರುತ್ತವೆ. ನರ್ಸರಿಯಿಂದ ಬರುವ ತೆಳು ಕಪ್ಪು ಪ್ಲಾಸ್ಟಿಕ್ ಕುಂಡ ನೇರ ಬಿಸಿಲಿನಲ್ಲಿ ಮಣ್ಣನ್ನು 40 ಡಿಗ್ರಿಗೂ ಮೀರಿ ಕಾಯಿಸುತ್ತದೆ. ಅಷ್ಟು ಬಿಸಿಯಲ್ಲಿ ಬೇರಿನ ತುದಿಗಳು ಸಾಯುತ್ತವೆ. ಮಣ್ಣು ಹಸಿಯಿದ್ದೂ ಗಿಡ ಬಾಡುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗುವುದರಿಂದ ಬೇರು ತಂಪಾಗಿರುತ್ತದೆ, ಆದರೆ ನೀರು ಹೆಚ್ಚು ಬೇಕು. ತಿಳಿಬಣ್ಣದ ದಪ್ಪ ಪ್ಲಾಸ್ಟಿಕ್, ಸುಣ್ಣ ಬಳಿದ ಸಿಮೆಂಟು ಕುಂಡ, ಬಿಳಿ ಗ್ರೋ ಬ್ಯಾಗ್ ನಡುವಿನ ದಾರಿ. ಕುಂಡಗಳನ್ನು ಕಾದ ತಾರಸಿಯ ಮೇಲೆ ನೇರ ಇಡದೆ ಇಟ್ಟಿಗೆಯ ಮೇಲೆ, ಒಂದಕ್ಕೊಂದು ಒತ್ತಾಗಿ ಇಟ್ಟರೆ ಒಂದರ ನೆರಳು ಇನ್ನೊಂದಕ್ಕೆ ಸಿಗುತ್ತದೆ. ಚೆಂಡುಹೂ, ಜಿನ್ನಿಯಾ, ಕೋಳಿಜುಟ್ಟುಗಳಿಗೆ ಹತ್ತು ಇಂಚಿನ ಕುಂಡ, ಕಾಸ್ಮಾಸ್‌ಗೆ ಹನ್ನೆರಡು ಇಂಚಿನದು ಬೇಕು. ಚಿಕ್ಕ ಕುಂಡದಲ್ಲಿ ಹುರುಪಾಗಿ ಬೆಳೆದ ಗಿಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಬಾರಿ ನೀರು ಹಾಕಿದರೂ ಸಾಲದು.

ಇಲ್ಲಿನ ಕೆಮ್ಮಣ್ಣು ಹೊಲದಲ್ಲಿ ಎಷ್ಟು ಒಳ್ಳೆಯದೋ ಕುಂಡದಲ್ಲಿ ಅಷ್ಟು ಒಳ್ಳೆಯದಲ್ಲ; ನೀರು ಹಾಕಿ ಒಣಗಿಸಿದಂತೆಲ್ಲ ಗಟ್ಟಿಯಾಗಿ, ಅಂಚಿನಿಂದ ಬಿಟ್ಟುಕೊಂಡು, ಹಾಕಿದ ನೀರು ಪಕ್ಕದಿಂದಲೇ ಹರಿದುಹೋಗುತ್ತದೆ. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಕೋಕೋಪೀಟ್, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಮನೆಯ ಹಸಿಕಸದ ಕಾಂಪೋಸ್ಟ್, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಹದವಾಗುತ್ತದೆ. ಕೋಕೋಪೀಟಿನಲ್ಲಿ ಉಪ್ಪಿನಂಶವಿರುವುದರಿಂದ ಒಂದೆರಡು ಬಾರಿ ನೀರಿನಲ್ಲಿ ತೊಳೆದೇ ಬಳಸಬೇಕು. ಟೇಬಲ್ ರೋಸ್‌ಗೆ ಮಾತ್ರ ಗೊಬ್ಬರ ಕಡಿಮೆ ಮಾಡಿ ದಪ್ಪ ಮರಳು ಸೇರಿಸಬೇಕು. ಮಣ್ಣಿನ ಮೇಲೆ ಒಣಗಿದ ಎಲೆ, ತೆಂಗಿನ ನಾರು ಅಥವಾ ಕಬ್ಬಿನ ಸಿಪ್ಪೆಯನ್ನು ಒಂದು ಇಂಚು ದಪ್ಪ ಹೊದಿಸಿದರೆ ತೇವವೂ ಉಳಿಯುತ್ತದೆ, ಬೇರೂ ತಣ್ಣಗಿರುತ್ತದೆ. ಬೇಸಿಗೆಯ ಕುಂಡಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಕೆಲಸ ಮತ್ತೊಂದಿಲ್ಲ. ಎಲೆ ಗುಡಿಸಿ ಸುಡುವ ಬಡಾವಣೆಗಳಲ್ಲಿ ಆ ಎಲೆಯ ಬೆಲೆ ಯಾರಿಗೂ ತಿಳಿಯದೆ ಹೋಗಿದೆ.

ನೀರಿನ ಮಾತು ಬಂದಾಗ ಈ ಭಾಗದ ಯಾರೂ ಹಗುರಾಗಿ ಮಾತಾಡಲಾರರು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ನಗರ ತತ್ತರಿಸಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಮನುಷ್ಯರು ಟ್ಯಾಂಕರಿಗೆ ಕಾಯುವಾಗ ಹೂವಿಗೆ ಕಾವೇರಿ ನೀರು ಸುರಿಯುವುದು ಯಾವ ನ್ಯಾಯಕ್ಕೂ ಒಪ್ಪದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಾಲ್ಕಾರು ಕುಂಡಕ್ಕೆ ಧಾರಾಳ ಸಾಕು. ಎಸಿಯಿಂದ ತೊಟ್ಟಿಕ್ಕುವ ನೀರೂ ಒಳ್ಳೆಯದೇ. ಅಪಾರ್ಟ್‌ಮೆಂಟಿನ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ (ಎಸ್‌ಟಿಪಿ) ಶುದ್ಧಗೊಂಡ ನೀರನ್ನು ಹೂಗಿಡಗಳಿಗೆ ಬಳಸಬಹುದು. ವಾಷಿಂಗ್ ಮೆಷಿನ್ನಿನ ಸೋಪು ನೀರು, ಆರ್‌ಒ ಯಂತ್ರ ಹೊರಹಾಕುವ ನೀರು ಬೇಡ. ಎರಡರಲ್ಲೂ ಲವಣ ಹೆಚ್ಚು. ಕೊಳವೆಬಾವಿಯ ಗಡಸು ನೀರಿನಿಂದಲೂ ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ, ಎಲೆಯ ಅಂಚು ಸುಟ್ಟಂತೆ ಕಾಣುತ್ತದೆ. ಮೊದಲ ಜೋರು ಮಳೆಗೆ ಕುಂಡಗಳನ್ನು ಬಯಲಿಗಿಟ್ಟರೆ ಆ ಉಪ್ಪು ತೊಳೆದುಹೋಗುತ್ತದೆ.

ನೀರು ಹಾಕುವುದು ಬೆಳಿಗ್ಗೆ ಎಂಟರೊಳಗೆ. ಒಂದೊಂದು ಲೋಟ ದಿನವೂ ಚಿಮುಕಿಸುವುದಕ್ಕಿಂತ, ತಳದ ತೂತಿನಿಂದ ತೊಟ್ಟಿಕ್ಕುವವರೆಗೆ ಒಮ್ಮೆ ಹಾಕಿ, ಬೆರಳು ಚುಚ್ಚಿ ಒಂದು ಇಂಚಿನಷ್ಟು ಒಣಗಿದೆ ಎಂದು ಕಂಡ ಮೇಲೆ ಮತ್ತೆ ಹಾಕುವುದು ಸರಿಯಾದ ಕ್ರಮ. ಬೇರು ಆಳಕ್ಕಿಳಿಯುವುದು ಹಾಗೆ ಮಾಡಿದಾಗಲೇ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋಲುಬಿದ್ದರೆ ಗಾಬರಿಯಾಗಬೇಕಿಲ್ಲ. ಸಂಜೆಗೆ ತಾನೇ ನೆಟ್ಟಗಾದರೆ ಅದು ಬಾಯಾರಿಕೆಯಲ್ಲ, ಬಿಸಿಲಿನ ಆಯಾಸ. ಬೆಳಿಗ್ಗೆಯೂ ಜೋಲುಬಿದ್ದಿದ್ದರೆ ನೀರು ಬೇಕು ಅಥವಾ ಬೇರು ಕೊಳೆತಿದೆ, ಬೆರಳಿಟ್ಟು ನೋಡಿದರೆ ಯಾವುದೆಂದು ತಿಳಿಯುತ್ತದೆ. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲುತ್ತಿರಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ಕಡೆಯಲ್ಲೇ.

ಬಿತ್ತನೆಯ ಕಾಲವನ್ನು ಮಳೆ, ಹಬ್ಬಗಳ ಲೆಕ್ಕದಲ್ಲಿ ನೆನಪಿಡುವುದು ಸುಲಭ. ನಿತ್ಯಪುಷ್ಪ ಬೀಜದಿಂದ ನಿಧಾನವಾಗಿ ಬರುವುದರಿಂದ ಸಂಕ್ರಾಂತಿಗಿಂತ ಮೊದಲೇ ಬಿತ್ತಬೇಕು. ಅದರ ಬೀಜಕ್ಕೆ ಕತ್ತಲೆ ಬೇಕು, ಮಣ್ಣು ಮುಚ್ಚಬೇಕು. ಟೇಬಲ್ ರೋಸ್‌ನ ಧೂಳಿನಂಥ ಬೀಜಕ್ಕೆ ಬೆಳಕು ಬೇಕು, ಮೇಲೆ ಉದುರಿಸಿ ಬಿಡಬೇಕು. ಜಿನ್ನಿಯಾ, ಕಾಸ್ಮಾಸ್, ಕೋಳಿಜುಟ್ಟುಗಳನ್ನು ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬಿತ್ತಿದರೆ ಯುಗಾದಿಯ ಹೊತ್ತಿಗೆ ಹೂ ಆರಂಭವಾಗಿ ಮೇ ತಿಂಗಳವರೆಗೆ ಸಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಗುಡುಗು, ಆಲಿಕಲ್ಲಿನ ಜೊತೆ ಬರುವುದುಂಟು. ಎತ್ತರದ ಗಿಡಗಳಿಗೆ ಅಷ್ಟರೊಳಗೆ ಕಡ್ಡಿಯ ಆಸರೆ ಕಟ್ಟಿರಬೇಕು. ಜುಲೈ ಮೊದಲರ್ಧದಲ್ಲಿ ದಸರೆಯ ಚೆಂಡುಹೂ. ಸೆಪ್ಟೆಂಬರ್ ಕೊನೆಗೆ ಚಳಿಯ ಹೂಗಳ ಸರದಿ.

ಸಸಿ ಒಂದು ಗೇಣು ಎತ್ತರವಾದಾಗ ತುದಿ ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ. ಮೊದಲ ಹೂ ಹತ್ತು ದಿನ ತಡವಾದರೂ ಒಟ್ಟು ಹೂ ಹೆಚ್ಚು. ಚೆಂಡುಹೂ, ಜಿನ್ನಿಯಾ, ಕಾಸ್ಮಾಸ್‌ಗಳಿಗೆ ಇದು ಬೇಕೇ ಬೇಕು; ಕೋಳಿಜುಟ್ಟಿನ ಜುಟ್ಟಿನ ಬಗೆಗೆ ಕೂಡದು, ನಡುವಿನ ದೊಡ್ಡ ಜುಟ್ಟೇ ಹೋಗಿಬಿಡುತ್ತದೆ. ಬಾಡಿದ ಹೂವನ್ನು ತೊಟ್ಟಿನ ಸಮೇತ ತೆಗೆಯುತ್ತಿದ್ದರೆ ಗಿಡ ಬೀಜ ಕಟ್ಟುವ ಕೆಲಸಕ್ಕೆ ಹೋಗದೆ ಮತ್ತೆ ಮೊಗ್ಗು ಹಾಕುತ್ತದೆ. ಹದಿನೈದು ದಿನಕ್ಕೊಮ್ಮೆ ಎರೆಜಲ, ಜೀವಾಮೃತ ಅಥವಾ ಲೀಟರಿಗೆ ಎರಡು ಗ್ರಾಂ 19:19:19 ಗೊಬ್ಬರ ಸಾಕು. ಯೂರಿಯಾ ಹಾಕಿದರೆ ಎಲೆ ಹೆಚ್ಚುತ್ತದೆ, ಸಸ್ಯಹೇನು ಮುತ್ತುತ್ತದೆ.

ಒಣ ಬೇಸಿಗೆಯಲ್ಲಿ ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಕೆಂಪು ನುಸಿಯೆಂದು ತಿಳಿಯಬೇಕು. ಎರಡು ದಿನಕ್ಕೊಮ್ಮೆ ಬೆಳಗಿನ ಹೊತ್ತು ಎಲೆಯಡಿಗೆ ನೀರು ಚಿಮ್ಮಿಸಿ ತೊಳೆದರೆ ಬಹುಪಾಲು ಹೋಗುತ್ತದೆ. ಜಿನ್ನಿಯಾಕ್ಕೆ ಮಾತ್ರ ಹೀಗೆ ತೊಳೆದ ಮೇಲೆ ಎಲೆ ಬೇಗ ಒಣಗುವಷ್ಟು ಗಾಳಿ ಬೇಕು. ಹಿಟ್ಟು ತಿಗಣೆ, ಹೇನುಗಳಿಗೆ ಲೀಟರು ನೀರಿಗೆ ಐದು ಮಿಲಿಲೀಟರು ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಇದಕ್ಕಿಂತ ಕಟುವಾದ ಕೀಟನಾಶಕವನ್ನು ಬಾಲ್ಕನಿಯಲ್ಲಿ ಬಳಸಬಾರದು. ಏಕೆಂದರೆ ಜಿನ್ನಿಯಾ, ಕಾಸ್ಮಾಸ್ ಅರಳಿದ ಕಡೆ ಜೇನ್ನೊಣ, ಚಿಟ್ಟೆಗಳು ನಾಲ್ಕನೆಯ ಮಹಡಿಗೂ ಬರುತ್ತವೆ.

ಹಂಗಾಮು ಮುಗಿಯುವ ಹೊತ್ತಿಗೆ ಚೆನ್ನಾಗಿ ಬಂದ ಗಿಡದ ನಾಲ್ಕಾರು ಹೂಗಳನ್ನು ಬೀಜಕ್ಕೆ ಬಿಡಬೇಕು. ಕೊಳ್ಳುವಾಗ ಪೊಟ್ಟಣದ ಮೇಲೆ ಎಫ್1 ಹೈಬ್ರಿಡ್ ಎಂದಿದ್ದರೆ ಅದರ ಬೀಜ ತಾಯಿಯಂತೆ ಬರುವುದಿಲ್ಲ. ಎರಡು ಬೇರೆ ತಳಿಗಳನ್ನು ಪ್ರತಿ ಬಾರಿಯೂ ಹೊಸದಾಗಿ ಅಡ್ಡಹಾಯಿಸಿ ಪಡೆದ ಬೀಜ ಅದು. ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಹಾಯಿಸುವ ಆ ನಾಜೂಕು ಕೆಲಸ ಬೆಂಗಳೂರಿನ ಸುತ್ತ ಉದ್ಯಮವಾಗಿಯೇ ಬೆಳೆಯಿತು. ಮನಮೋಹನ ಅತ್ತಾವರ ಅವರು 1965ರಲ್ಲಿ ಇಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಪೆಟೂನಿಯಾದಂಥ ಹೂಗಳ ಹೈಬ್ರಿಡ್ ಬೀಜವನ್ನು ಹೊರದೇಶಗಳಿಗೆ ಕಳುಹಿಸಿತು. ಸಾಧಾರಣ ನಾಟಿ ಜಿನ್ನಿಯಾ, ಕಾಸ್ಮಾಸ್, ಕೋಳಿಜುಟ್ಟು, ಗೋಂಫ್ರೀನಾಗಳ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಹೂ ಗಿಡದಲ್ಲೇ ಪೂರ್ತಿ ಒಣಗಿ ಕಂದಾದ ಮೇಲೆ ಕೊಯ್ದು, ನೆರಳಿನಲ್ಲಿ ವಾರವಿಡೀ ಹರಡಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು ತಿಂಗಳು ಬರೆದು ಒಣ ಜಾಗದಲ್ಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಅರೆ ಹಸಿಯಾಗಿಟ್ಟರೆ ಬೂಸಲು ಹಿಡಿಯುತ್ತದೆ. ಬೀಜ ಕೊಯ್ದು ಉಳಿದ ಗಿಡವನ್ನು ಕಿತ್ತು ಕತ್ತರಿಸಿ ಕಾಂಪೋಸ್ಟಿಗೆ ಹಾಕಬಹುದು, ಬೂದಿ ರೋಗ ತಗುಲಿದ್ದನ್ನು ಮಾತ್ರ ಬೇರೆಯಾಗಿ ತೆಗೆದುಹಾಕಬೇಕು. ಕುಂಡದ ಮಣ್ಣನ್ನು ಹರಡಿ ನಾಲ್ಕೈದು ದಿನ ಬಿಸಿಲಿಗೆ ಒಣಗಿಸಿ, ಹಳೆಯ ಬೇರು ಆರಿಸಿ, ಮೂರರಲ್ಲೊಂದು ಪಾಲು ಹೊಸ ಕಾಂಪೋಸ್ಟ್ ಬೆರೆಸಿದರೆ ಅದು ಮುಂದಿನ ಬಿತ್ತನೆಗೆ ಸಿದ್ಧ.